ಹೆದ್ದಾರಿ ಬಿಟ್ಟು ನೂರು ಕಿಲೋಮೀಟರ್

ಹುಬ್ಬಳ್ಳಿಯಿಂದ ಹಿರೇಕೆರೂರಿಗೆ ದಾರಿ ತೋರಿಸು ಅಂತ ನಿಮ್ಮ ಫೋನಿಗೆ ಕೇಳಿ ನೋಡಿ. ಅದು ಹಿಂದುಮುಂದು ನೋಡದೆ ನಿಮ್ಮನ್ನು ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿಸುತ್ತದೆ. ಕಾರಿನವರಿಗೆ ಅದು ಸರಿ, ಲಾರಿಯವರಿಗೂ ಸರಿ. ಆದರೆ ಅದೇ ನಕ್ಷೆಯನ್ನು ಎರಡು ಬೆರಳಲ್ಲಿ ಸ್ವಲ್ಪ ಹಿಗ್ಗಿಸಿದರೆ ಹೆದ್ದಾರಿಯ ಎಡಬಲಕ್ಕೆ ದಾರದ ಎಳೆಯಂಥ ಸಣ್ಣ ರಸ್ತೆಗಳು ಕಾಣುತ್ತವೆ. ಶಿಗ್ಗಾವಿಯಿಂದ ಸವಣೂರು, ಸವಣೂರಿನಿಂದ ಬಂಕಾಪುರದ ಮೇಲೆ ಹಾನಗಲ್ಲು, ಅಲ್ಲಿಂದ ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು ದಾಟಿ ಹಿರೇಕೆರೂರು. ನಾಲ್ಕು ತಾಲ್ಲೂಕು ಊರುಗಳು, ಎಲ್ಲಾ ಸೇರಿ ನೂರು ಕಿಲೋಮೀಟರಿಗಿಂತ ತುಸು ಜಾಸ್ತಿ. ಈ ಇಡೀ ದಾರಿಗೆ ಅಂತ ಒಂದು ಹೆಸರಿಲ್ಲ, ಒಂದು ಬೋರ್ಡಿಲ್ಲ. ಆದರೂ ಪೇಟೆಯವರು ಹಳ್ಳಿ ನೋಡಲು, ಹಳ್ಳಿಯವರು ಪೇಟೆ ಮುಟ್ಟಲು ಇದಕ್ಕಿಂತ ಚಲೋ ಸೈಕಲ್ ದಾರಿ ನಮ್ಮ ಹಾವೇರಿ ಜಿಲ್ಲೆಯಲ್ಲಿ ಇಲ್ಲ ಅನ್ನೋದು ನನ್ನ ವಾದ.

ದೂರದ ಸೈಕಲ್ ಸವಾರಿ ಅಂದ ಕೂಡಲೇ ನಮ್ಮ ಐಟಿ ಮಂದಿಗೆ ನೆನಪಾಗೋದು ಬಿಆರ್‌ಎಂ. ಗೊತ್ತಿಲ್ಲದವರಿಗೆ ಎರಡು ಮಾತು: ಇದು ಫ್ರಾನ್ಸಿನಲ್ಲಿ ಹುಟ್ಟಿದ ಪದ್ಧತಿ. ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ಕೊಟ್ಟ ಸಮಯದೊಳಗೆ, ಯಾರ ಸಹಾಯವೂ ಇಲ್ಲದೆ, ದೂರ ಮುಗಿಸಬೇಕು ಅಷ್ಟೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಇವನ್ನೆಲ್ಲ ಮುಗಿಸಿದವರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕನಸು ಕಾಣುತ್ತಾರೆ. ನಮ್ಮ ಭಾಗದಲ್ಲಿ ಹುಬ್ಬಳ್ಳಿ ಬೈಸಿಕಲ್ ಕ್ಲಬ್ ಇಂಥ ಸವಾರಿಗಳನ್ನು ನಡೆಸುತ್ತದೆ. ನಾನೂ ಎರಡು 200 ಮುಗಿಸಿದ್ದೇನೆ. ಶಿಸ್ತು ಕಲಿಸುತ್ತದೆ, ಒಳ್ಳೆಯದು. ಆದರೆ ಗಡಿಯಾರ ನೋಡುತ್ತಾ ತುಳಿಯುವಾಗ ಕಣ್ಣಿಗೆ ಕಾಣೋದು ಹೆದ್ದಾರಿಯ ಬಿಳಿಗೆರೆ ಮಾತ್ರ. ಬಂಕಾಪುರ ಕ್ರಾಸ್ ಬೋರ್ಡು ಬಂತು, ಹೋಯ್ತು. ಒಳಗೆ ಕೋಟೆ ಇದೆಯಲ್ಲ ಅಂತ ನೆನಪಾಗುವಷ್ಟರಲ್ಲಿ ಹಾವೇರಿ ಬಂದಿರುತ್ತದೆ.

ಅದಕ್ಕೇ ಕಳೆದ ದೀಪಾವಳಿ ರಜೆಯಲ್ಲಿ ಗಡಿಯಾರ ಬಿಟ್ಟು ಹೊರಟೆ. ಸೈಕಲ್ಲನ್ನು ರೈಲಿನ ಲಗೇಜಿಗೆ ಹಾಕಿಸಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದೆ. ಮರುದಿನ ಹೊತ್ತು ಮೂಡುವ ಮೊದಲೇ ಕುಂದಗೋಳದ ರಸ್ತೆ ಹಿಡಿದೆ. ಸವಾಯಿ ಗಂಧರ್ವರ ಊರು ದಾಟಿ, ಸಂಶಿ, ಗುಡಗೇರಿ ಕಡೆಯಿಂದ ಶಿಶುವಿನಹಾಳ. ಎಡಕ್ಕೂ ಬಲಕ್ಕೂ ಎರೆ ಹೊಲ. ಹತ್ತಿ ಒಡೆದು ಬೆಳ್ಳಗೆ ನಗುತ್ತಿತ್ತು, ನಡುನಡುವೆ ಮೆಣಸಿನಗಿಡ. ಈ ಮಣ್ಣಿನ ಗುಣ ಸೈಕಲ್ ಹೊಡೆಯುವವನಿಗೆ ಬೇಗ ಗೊತ್ತಾಗುತ್ತದೆ. ಒಣಗಿದ್ದಾಗ ಸಿಮೆಂಟಿನಷ್ಟು ಗಟ್ಟಿ. ಒಂದು ಹದ ಮಳೆ ಬಿದ್ದರೆ ಸಾಕು, ಗಾಲಿಗೆ ಹಿಟ್ಟಿನಂಗೆ ಮೆತ್ತಿಕೊಂಡು ತಿರುಗಲು ಬಿಡೋದಿಲ್ಲ. ಸೈಕಲ್ಲು ನಿಮ್ಮನ್ನು ಹೊರುವ ಬದಲು ನೀವು ಸೈಕಲ್ಲನ್ನು ಹೊರಬೇಕಾಗುತ್ತದೆ.

ಶಿಶುವಿನಹಾಳ ಶರೀಫಜ್ಜನ ಊರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಅಜ್ಜನ ಪದ ಗೊತ್ತಿಲ್ಲದ ಮನೆ ನಮ್ಮಲ್ಲಿ ಇಲ್ಲ. ಇದೇ ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ಈ ದಾರಿಯ ಆ ತುದಿಯಲ್ಲಿ, ಹಿರೇಕೆರೂರು ತಾಲ್ಲೂಕಿನಲ್ಲಿ, ಸರ್ವಜ್ಞನ ಊರು ಅಂತ ಜನ ಹೇಳುವ ಅಬಲೂರು ಇದೆ. ಮೂವರೂ ಒಂದೇ ಊರಲ್ಲಿ ಕೂತು ಹಾಡಿದವರಲ್ಲ, ಊರೂರು ತಿರುಗಿದವರು. ಹೆದ್ದಾರಿ ಬರುವ ಮೊದಲು ಈ ಸೀಮೆಯ ಊರುಗಳು ಒಂದಕ್ಕೊಂದು ಎಷ್ಟು ಹತ್ತಿರ ಇದ್ದವು ಅಂತ ತಿಳಿಯಲು ಬೇರೆ ಸಾಕ್ಷಿ ಬೇಡ. ಕಾಲ್ನಡಿಗೆಯವನಿಗೆ ಹತ್ತಿರ ಇದ್ದದ್ದು ಸೈಕಲ್ಲಿನವನಿಗೆ ಇನ್ನೂ ಹತ್ತಿರ.

ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆ. ಅವಳ ಊರು ಶಿಗ್ಗಾವಿ ತಾಲ್ಲೂಕಿನಲ್ಲೇ, ಹೆದ್ದಾರಿಗೆ ಹತ್ತಿಕೊಂಡೇ ಇದೆ. ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ ಮುಗಿಸಿ ಕಟ್ಟೆಯ ಮೇಲೆ ಕಾಲು ಚಾಚಿದ್ದೆ. ಅಕ್ಕನ ಮಗಳು, ಎಂಟನೇ ತರಗತಿ, ನನ್ನ ಸೈಕಲ್ಲಿನ ಗೇರು ಎಣಿಸುತ್ತಾ ಕೂತಿದ್ದವಳು ತಟ್ಟನೆ ಕೇಳಿದಳು:

“ಮಾಮಾ, ನೀ ಹುಬ್ಬಳ್ಳಿಂದ ಸೈಕಲ್ ಹೊಡಕೊಂಡು ಬಂದ್ರ ಎಲ್ಲಾರೂ ಶಾಬ್ಬಾಸ್ ಅಂತಾರ. ನಾ ನಾಲ್ಕ ಕಿಲೋಮೀಟರ್ ಸಾಲಿಗೆ ಹೋಗ್ತೇನಿ ಅಂದ್ರ ಯಾಕ ಬ್ಯಾಡಂತಾರ?”

ಉತ್ತರ ಕೊಟ್ಟದ್ದು ಭಾವ. “ಆಕೀಗೆ ಸೈಕಲ್ ಬರೂದಿಲ್ಲ ಅಂತಲ್ಲಪಾ. ಸಾಲಿ ಇರೂದು ಹೈವೇ ಆಚೆ ಬಾಜೂ. ಹೋದ ವರ್ಷ ನಮ್ಮ ಓಣಿ ಅಜ್ಜಾರು ಹಾಲಿನ ಕ್ಯಾನ್ ಕಟ್ಟಿಕೊಂಡು ಸೈಕಲ್ ದೂಡಿಕೊಂತ ದಾಟಾಕ ಹತ್ತಿದ್ರು. ಆಮ್ಯಾಲೆ ಕ್ಯಾನ್ ಅಷ್ಟ ಮನಿಗೆ ಬಂತು.” ಅಷ್ಟು ಹೇಳಿ ಸುಮ್ಮನಾದರು. ನಾನೂ ಸುಮ್ಮನಾದೆ. ಆ ಅಜ್ಜನನ್ನು ನಾನೂ ಕಂಡಿದ್ದೆ. ಹಬ್ಬಕ್ಕೆ ಹೋದಾಗಲೆಲ್ಲ ನಮ್ಮ ಪಾಲಿನ ಹಾಲಿನ ಮೇಲೆ ಒಂದು ಸೌಟು ಜಾಸ್ತಿ ಹಾಕುತ್ತಿದ್ದರು.

ಹೆದ್ದಾರಿ ಆರು ಪಥ ಆದಮೇಲೆ ಪೇಟೆಗೆ ಹೋಗೋದು ಸುಲಭವಾಗಿದೆ ನಿಜ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಊರು. ಆದರೆ ಉದ್ದಕ್ಕೆ ಜೋಡಿಸುವ ರಸ್ತೆ ಅಡ್ಡಕ್ಕೆ ಗೋಡೆಯೂ ಆಗುತ್ತದೆ. ಊರು ಈಚೆಗೆ, ಹೊಲ ಆಚೆಗೆ. ಮನೆ ಈಚೆಗೆ, ಹೈಸ್ಕೂಲು ಆಚೆಗೆ. ಎದುರಿಗೇ ಕಾಣುವ ಜಾಗ ಮುಟ್ಟಲು ಒಂದೂವರೆ ಕಿಲೋಮೀಟರು ಸುತ್ತಿ ಕೆಳಸೇತುವೆಗೆ ಹೋಗಬೇಕು. ದಣಿದವನು ಸುತ್ತೋದಿಲ್ಲ, ನಡುವಿನ ಡಿವೈಡರ್ ಹಾರುತ್ತಾನೆ. ಜಾಣತನ ಇಲ್ಲ ಅಂತಲ್ಲ, ಹಾಲು ಕೆಡುತ್ತದೆ ಅಂತ.

ಇಲ್ಲಿ ಅಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಹೈಸ್ಕೂಲು ಐದು ಕಿಲೋಮೀಟರು ದೂರ, ಬಸ್ಸಿರಲಿಲ್ಲ, ಹುಡುಗಿ ಒಬ್ಬಳೇ ನಡೆಯುವುದು ಬೇಡ ಅಂತ ಮನೆಯಲ್ಲಿ ತೀರ್ಮಾನವಾಯಿತು. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು 2006–07ರಲ್ಲಿ. ಅವಳಿಗೆ ಅದು ತಡವಾಯಿತು, ಅವಳಿಗಿಂತ ನಾಲ್ಕು ವರ್ಷ ಸಣ್ಣವನಾದ ನನಗೆ ಸರಿಯಾಗಿ ಸಿಕ್ಕಿತು. ಅದೇ ಐದು ಕಿಲೋಮೀಟರನ್ನು ನಾನು ಮೂರು ವರ್ಷ ಅದೇ ಸೈಕಲ್ಲಿನಲ್ಲಿ ತುಳಿದೆ. ಎಸ್ಸೆಸ್ಸೆಲ್ಸಿ, ಪಿಯು, ಎಂಜಿನಿಯರಿಂಗ್, ಕೆಲಸ, ಎಲ್ಲವೂ ಅದರ ಹಿಂದೆಯೇ ಬಂದವು. ನಮ್ಮಿಬ್ಬರ ನಡುವಿನ ವ್ಯತ್ಯಾಸಕ್ಕೆ ಬುದ್ಧಿ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. ಲೆಕ್ಕದಲ್ಲಿ ಅವಳೇ ಚುರುಕು. ಈಗಲೂ ಸ್ತ್ರೀಶಕ್ತಿ ಸಂಘದ ಖಾತೆಯನ್ನು ಅವಳೇ ಬರೆಯುತ್ತಾಳೆ.

ಕೋವಿಡ್ ಬಂದ ವರ್ಷ ಆ ಸೈಕಲ್ ವಿತರಣೆ ನಿಂತಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಅದು ದೊಡ್ಡ ಉಪಕಾರವೇ, ಅಕ್ಕ ತವರಿಗೆ ಬರುವುದು ಹೆಚ್ಚಾಗಿದೆ. ಆದರೆ ಶನಿವಾರ ಮುಂಜಾನೆ ಶಾಲೆಯ ಹೊತ್ತಿಗೆ ಹೊಂದುವ ಬಸ್ಸಿಲ್ಲ. ಬಸ್ಸು ತಪ್ಪಿದರೆ ಶಾಲೆ ತಪ್ಪಿತು. ರೊಟ್ಟಿ ಬಡಿಯುತ್ತಾ ಒಳಗಿನಿಂದಲೇ ಅಕ್ಕ ಅಂದಳು: “ನನ್ನ ಕಾಲಕ್ಕ ಸೈಕಲ್ ಇರಲಿಲ್ಲ. ಇಕಿ ಕಾಲಕ್ಕ ಸೈಕಲ್ ಹೊಂದಸಬಹುದು, ದಾರಿ ಇಲ್ಲ.”

ಈ ಮಾತು ತಲೆಯಲ್ಲಿ ಇಟ್ಟುಕೊಂಡೇ ಉಳಿದ ಎರಡು ದಿನ ತುಳಿದೆ.

ಎರಡನೇ ದಿನ ಬೆಳಗ್ಗೆ ಶಿಗ್ಗಾವಿಯಿಂದ ಸವಣೂರು. ನವಾಬರು ಆಳಿದ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ದೊಡ್ಡಹುಣಸೆ ಮಠದ ಆವರಣದ ಆಫ್ರಿಕಾ ಮೂಲದ ಆ ಭಾರಿ ಮರಗಳ ಬುಡದಲ್ಲಿ ನಿಂತರೆ ನಮ್ಮ ಆಫೀಸಿನ ಮೀಟಿಂಗ್ ರೂಮು ನೆನಪಾಗುತ್ತದೆ, ಅಷ್ಟು ಅಗಲ. ಊರಿಗೆ ಹೆಸರು ತಂದಿದ್ದು ವೀಳ್ಯದೆಲೆ ಮತ್ತು ಸವಣೂರು ಖಾರ. ಒಂದು ಪೊಟ್ಟಣ ಖಾರ ಕಟ್ಟಿಸಿಕೊಂಡು ಹೊರಡುವಷ್ಟರಲ್ಲಿ ಹಿಂದಿನ ಗಾಲಿ ಪಂಕ್ಚರ್.

ಪಂಕ್ಚರ್ ಅಂಗಡಿಯ ಕಾಕಾ ಟೈರನ್ನು ಎರಡು ಬೆರಳಲ್ಲಿ ಹಿಡಿದು ನಕ್ಕರು. “ಏನ್ರೀ ಇದು, ಕಾಗದದಂಗ ಐತಿ?” ಒಂದು ಕಾಲಕ್ಕೆ ಅವರ ಅಂಗಡಿ ಮುಂದೆ ಇಪ್ಪತ್ತು ಬಾಡಿಗೆ ಸೈಕಲ್ ನಿಂತಿರುತ್ತಿದ್ದವಂತೆ. ತಾಸಿನ ಲೆಕ್ಕದಲ್ಲಿ ಒಯ್ಯುತ್ತಿದ್ದರು. ಹೆಸರು ಬರೆಸಿ, ಗಡಿಯಾರ ನೋಡಿ, ಸಂತೆಗೆ, ಆಸ್ಪತ್ರೆಗೆ, ಬೀಗರ ಊರಿಗೆ. ಈಗ ಕಂತಿನಲ್ಲಿ ಬೈಕ್ ಬಂದಿದೆ, ಬಾಡಿಗೆ ಸೈಕಲ್ ಹೋಗಿದೆ. ಟ್ಯೂಬಿಗೆ ಪ್ಯಾಚ್ ಹಾಕಿ ಇಪ್ಪತ್ತು ರೂಪಾಯಿ ತಗೊಂಡರು. “ಹವಾ ಫ್ರೀ,” ಅಂದರು.

ಸವಣೂರು ಹೆದ್ದಾರಿಯ ಮೂಡಣಕ್ಕೆ, ಹಾನಗಲ್ಲು ಪಡುವಣಕ್ಕೆ. ಯಾವ ದಾರಿ ಹಿಡಿದರೂ ಒಂದು ಕಡೆ ಹೆದ್ದಾರಿ ದಾಟಲೇಬೇಕು. ಈ ನೂರು ಕಿಲೋಮೀಟರಿನಲ್ಲಿ ನಿಜವಾದ ಕಷ್ಟ ಅಂದರೆ ಅದೊಂದೇ ಜಾಗ. ದಿಣ್ಣೆಗಳು ಸಣ್ಣವು, ಗೇರಿಲ್ಲದ ಸೈಕಲ್ಲೂ ಹತ್ತುತ್ತದೆ. ಬಿಸಿಲಿಗೆ ಮರ, ಬಾಯಾರಿಕೆಗೆ ಪ್ರತಿ ಊರಿನ ಕ್ರಾಸಿನಲ್ಲಿ ಚಹಾ ಅಂಗಡಿ. ಹೆದ್ದಾರಿ ದಾಟುವಾಗ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಸರ್ವೀಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕು, ನಿಂತ ಲಾರಿ, ಅವೆರಡರ ನಡುವೆ ನಾವು.

ದಾಟಿದ ಮೇಲೆ ಬಂಕಾಪುರ. ಕೋಟೆಯೊಳಗೆ ನಗರೇಶ್ವರನ ಗುಡಿ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ. ಕಂಬಗಳು ಈಗ ತಾನೇ ಎಣ್ಣೆ ಹಚ್ಚಿ ಒರೆಸಿದಂತೆ ಹೊಳೆಯುತ್ತವೆ. ಕೋಟೆಯ ಬಯಲು ನವಿಲುಗಳ ಮನೆ. ಸಂಜೆ ಹೊತ್ತು ಅವು ಕೂಗಲು ಶುರು ಮಾಡಿದರೆ ಹೆದ್ದಾರಿಯ ಹಾರ್ನು ಕೇಳೋದಿಲ್ಲ. ಇಲ್ಲಿಂದ ಹಾನಗಲ್ಲಿನ ಕಡೆ ತಿರುಗಿದರೆ ನೆಲವೇ ಬೇರೆ. ಎರೆ ಹೋಗಿ ಕೆಂಪು ಬರುತ್ತದೆ, ಹತ್ತಿ ಹೋಗಿ ಗೋವಿನಜೋಳ ಬರುತ್ತದೆ, ಆಮೇಲೆ ಭತ್ತದ ಗದ್ದೆ, ಮಾವಿನ ತೋಪು, ಅಡಿಕೆ ತೋಟ. ಕೆರೆಗಳು ಒಂದಾದ ಮೇಲೊಂದು. ಬಯಲುಸೀಮೆಯಿಂದ ಮಲೆನಾಡಿನ ಹೊಸ್ತಿಲಿಗೆ ಒಂದೇ ದಿನದಲ್ಲಿ, ಸ್ವಂತ ಕಾಲಲ್ಲಿ ತಲುಪಬಹುದು. ಕಾರಿನಲ್ಲಿ ಹೋದರೆ ಇದು ಕಿಟಕಿಯಾಚೆ ಬದಲಾಗುವ ಬಣ್ಣ. ಸೈಕಲ್ಲಿನಲ್ಲಿ ಮೂಗಿಗೆ ಮೊದಲು ಗೊತ್ತಾಗುತ್ತದೆ, ಗಾಳಿ ತಂಪಾಗುತ್ತದೆ, ನೀರಿನ ವಾಸನೆ ಬರುತ್ತದೆ.

ಹಾನಗಲ್ಲಿನಲ್ಲಿ ರಾತ್ರಿ ಉಳಿದೆ. ಬೆಳಗ್ಗೆ ತಾರಕೇಶ್ವರ ಗುಡಿಯ ನಡುಮಂಟಪದಲ್ಲಿ ಮೇಲೆ ನೋಡುತ್ತಾ ನಿಂತೆ. ಕಲ್ಲಿನ ದೊಡ್ಡ ಕಮಲ ತಲೆಯ ಮೇಲೆ ತೂಗುತ್ತಿದೆ. ಇಷ್ಟು ಚೆಂದದ ಗುಡಿ, ನಾನೊಬ್ಬನೇ ಪ್ರವಾಸಿ.

ಮೂರನೇ ದಿನ ಅಕ್ಕಿಆಲೂರು, ತಿಳವಳ್ಳಿ. ಅದು ಗೋವಿನಜೋಳ ಒಣಗಿಸುವ ಕಾಲ. ಡಾಂಬರು ರಸ್ತೆಯ ಅರ್ಧ ಭಾಗ ಬಂಗಾರದ ಹಾಸು. ಅಂಚಿಗೆ ಕಲ್ಲು ಜೋಡಿಸಿ, ಕಾಯಲು ಅಜ್ಜನೊಬ್ಬನನ್ನು ಕೂರಿಸಿರುತ್ತಾರೆ. ಪೇಟೆಯವರು ಇದನ್ನು ಅಡಚಣೆ ಅಂತ ಬಯ್ಯುತ್ತಾರೆ. ಸೈಕಲ್ಲಿನವನಿಗೆ ಇದರಿಂದ ಒಂದು ಲಾಭ ಇದೆ, ಉಳಿದ ಅರ್ಧ ರಸ್ತೆಯಲ್ಲಿ ಎಲ್ಲರೂ ನಿಧಾನ ಹೋಗುತ್ತಾರೆ! ನೆರಳಿಗೆ ನಿಂತಾಗ ಅಂಥ ಒಬ್ಬ ಅಜ್ಜ ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು.

“ಅಲ್ಲೋ ತಮ್ಮಾ, ಮೋಟರ್ ಇಲ್ಲ ಏನಿಲ್ಲ, ಇದಕ್ಕೆಷ್ಟ ಕೊಟ್ಟಿ?”

“ಅರವತ್ತು ಸಾವಿರ, ಅಜ್ಜಾರ.”

“ಯಪ್ಪಾ! ಒಂದು ಚಲೋ ಎಮ್ಮಿ ಬರತಿತ್ತಲ್ಲೋ. ಹಾಲರ ಕೊಡತಿತ್ತು.”

ನಗು ಬಂತು, ಆದರೆ ಪ್ರಶ್ನೆ ಸುಳ್ಳಲ್ಲ. ನನ್ನಂಥವರು ಶನಿವಾರ ಭಾನುವಾರ ತಿರುಗಲು ಅಂತ ಒಂದು ಸೈಕಲ್ ದಾರಿ ಮಾಡಿ ಅಂದರೆ ಆ ಅಜ್ಜನಿಗೆ ಏನು ಬಂತು? ಹಳ್ಳಿಯಲ್ಲಿ ಸೈಕಲ್ ಅಂದರೆ ಇನ್ನೂ ಬಡತನದ ಗುರುತು. ಬೈಕ್ ಕೊಳ್ಳಲಾಗದವನು ಹೊಡೆಯುವ ಗಾಡಿ. ಪೇಟೆಯಲ್ಲಿ ಅದೇ ಸೈಕಲ್ ಆರೋಗ್ಯದ ಗುರುತು, ಇನ್‌ಸ್ಟಾಗ್ರಾಂನ ಫೋಟೊ. ಈ ಎರಡೂ ಒಂದೇ ದಾರಿಯಲ್ಲಿ ಹೋಗಬಹುದೇ?

ಹೋಗಬಹುದು ಅಂತ ಹೊರಗಿನ ಅನುಭವ ಹೇಳುತ್ತದೆ. ಯುರೋಪಿನಲ್ಲಿ ಯೂರೋವೆಲೊ ಅಂತ 17 ಬಹುದೂರದ ಸೈಕಲ್ ದಾರಿಗಳ ಜಾಲ ಇದೆ, ಒಂದೊಂದೂ ಹಲವು ದೇಶ ದಾಟುತ್ತದೆ. ಅದಕ್ಕಾಗಿ ಎಲ್ಲಾ ಕಡೆ ಹೊಸ ರಸ್ತೆ ಹಾಕಿಲ್ಲ. ಎಷ್ಟೋ ಕಡೆ ಇದ್ದ ಹಳ್ಳಿ ರಸ್ತೆ, ಹೊಳೆದಂಡೆ, ಕಾಲುವೆದಂಡೆಗಳನ್ನೇ ಬೋರ್ಡು ಹಾಕಿ ಜೋಡಿಸಿದ್ದಾರೆ. ಪ್ರವಾಸಿಗರು ನೂರಾರು ಕಿಲೋಮೀಟರು ಹೋಗುತ್ತಾರೆ, ಅದೇ ದಾರಿಯಲ್ಲಿ ಪಕ್ಕದ ಊರಿನ ಮಕ್ಕಳು ಎರಡು ಕಿಲೋಮೀಟರು ಶಾಲೆಗೆ ಹೋಗುತ್ತಾರೆ.

ಬೆಲ್ಜಿಯಂನ ಕಥೆ ನನ್ನಂಥ ಸಾಫ್ಟ್‌ವೇರಿನವನಿಗೆ ಇನ್ನೂ ಇಷ್ಟ. ಅಲ್ಲಿನ ಲಿಂಬರ್ಗ್ ಪ್ರಾಂತ್ಯದಲ್ಲಿ ಹ್ಯೂಗೊ ಬೊಲೆನ್ ಅನ್ನುವ ಗಣಿ ಎಂಜಿನಿಯರು ಗಣಿಯೊಳಗಿನ ಸುರಂಗಗಳಿಗೆ ನಂಬರು ಕೊಡುವ ಉಪಾಯವನ್ನೇ ಸೈಕಲ್ ದಾರಿಗೆ ತಂದರು. ಪ್ರತಿ ಕೂಡುರಸ್ತೆಗೆ ಒಂದು ನಂಬರು. 12ರಿಂದ 27, 27ರಿಂದ 31 ಅಂತ ಚೀಟಿಯಲ್ಲಿ ಬರೆದುಕೊಂಡರೆ ಸಾಕು, ನಕ್ಷೆ ಬೇಡ, ಫೋನ್ ಬೇಡ. 1995ರಲ್ಲಿ ಶುರುವಾದ ಇದು ಆಮೇಲೆ ನೆದರ್ಲೆಂಡ್ಸಿಗೂ ಹಬ್ಬಿತು. ಕಾಲೇಜಿನಲ್ಲಿ ನಾವು ಓದಿದ ಗ್ರಾಫ್ ಥಿಯರಿಯೇ ಇದು, ಖರ್ಚು ಒಂದು ತಗಡಿನ ಬೋರ್ಡು.

ಆದರೆ ನನಗೆ ಅಕ್ಕನ ಮಾತಿಗೆ ಉತ್ತರ ಸಿಕ್ಕಿದ್ದು ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದ ಒಂದು ಅಳತೆಗೋಲಿನಿಂದ. ದಾರಿ ಸುರಕ್ಷಿತವೋ ಅಲ್ಲವೋ ಅಂತ ಅವರು ಅಳೆಯುವುದು ಸ್ಪರ್ಧೆಯ ಸವಾರನನ್ನು ಇಟ್ಟುಕೊಂಡಲ್ಲ. ಹನ್ನೆರಡು ವರ್ಷದ, ತಿಳಿವಳಿಕೆ ಇರುವ ಮಗು ಒಬ್ಬೊಂಟಿಯಾಗಿ ಇಲ್ಲಿ ಹೋಗಬಹುದೇ ಅಂತ ಕೇಳುತ್ತಾರೆ. ಹೌದಾದರೆ ದಾರಿ ಪಾಸು, ಇಲ್ಲವಾದರೆ ಫೇಲು. ಎಷ್ಟು ಸರಳ! 200 ಕಿ.ಮೀ. ತುಳಿಯುವ ನನಗೆ ಸರಿಹೋಗುವ ದಾರಿ ನನ್ನ ಸೊಸೆಗೆ ಸರಿಹೋಗಬೇಕೆಂದಿಲ್ಲ. ಅವಳಿಗೆ ಸರಿಹೋದದ್ದು ಮಾತ್ರ ಎಲ್ಲರಿಗೂ ಸರಿಹೋಗುತ್ತದೆ, ಹಾಲಿನ ಅಜ್ಜನಿಗೂ, ನನಗೂ.

ಹಿರೇಕೆರೂರಿನಲ್ಲಿ ಸವಾರಿ ಮುಗಿಸಿ, ನಾಲ್ಕನೇ ದಿನ ಕಾಗಿನೆಲೆ ಮೇಲೆ ಹಾಯ್ದು ಮತ್ತೆ ಅಕ್ಕನ ಊರಿಗೆ ಬಂದೆ. ಅಪ್ಪನ ಮನೆಯ ಅಟ್ಟದ ಕೆಳಗೆ ನನ್ನ ಸರ್ಕಾರಿ ಸೈಕಲ್ ಇನ್ನೂ ಇತ್ತು. ತುಕ್ಕು ಹಿಡಿದಿತ್ತು, ಆದರೆ ಫ್ರೇಮ್ ಗಟ್ಟಿ. ಎರಡು ಟೈರು, ಎರಡು ಟ್ಯೂಬು, ಚೈನು, ಬ್ರೇಕಿನ ರಬ್ಬರು, ಒಂದು ಬೆಲ್ಲು ಹಾಕಿಸಿದೆ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರೇಡಿಯಂ ಅಂಟಿಸಿದೆ. ಆಮೇಲೆ ನಾನು, ಸೊಸೆ, ಹಿಂದಿನಿಂದ ಬೈಕಿನಲ್ಲಿ ಭಾವ, ಮೂವರೂ ಮನೆಯಿಂದ ಶಾಲೆಗೆ ಹೊರಟೆವು. ಹೆದ್ದಾರಿಯ ಸರ್ವೀಸ್ ರಸ್ತೆ ಬಿಟ್ಟು, ಹೊಲದ ಬಂಡಿದಾರಿ ಹಿಡಿದು ಕೆಳಸೇತುವೆಗೆ, ಅಲ್ಲಿಂದ ಆಚೆಯ ಊರೊಳಗಿನ ರಸ್ತೆಗೆ. ನಾಲ್ಕು ಕಿಲೋಮೀಟರು ಐದೂವರೆ ಆಯಿತು.

ಆಫೀಸಿನಲ್ಲಿ ಬಗ್ ಬರೆಯುವ ಹಾಗೆ ಫೋನಿನಲ್ಲಿ ಪಟ್ಟಿ ಮಾಡಿದೆ. ಒಂದು, ಕೆಳಸೇತುವೆಯಲ್ಲಿ ಮೊಣಕಾಲಿನ ಕೆಳಗೆ ನೀರು, ಚರಂಡಿಯಲ್ಲಿ ಹೂಳು. ಎರಡು, ಅಲ್ಲಿ ದೀಪ ಇಲ್ಲ. ಮೂರು, ಬಂಡಿದಾರಿಯಲ್ಲಿ ಇನ್ನೂರು ಮೀಟರು ಬಿಡಿ ಕಡಿ, ಗಾಲಿ ಜಾರುತ್ತದೆ. ನಾಲ್ಕು, ಕೋಳಿಫಾರ್ಮಿನ ನಾಯಿಗಳು. ಐದು, ಊರೊಳಗಿನ ತಿರುವಿನಲ್ಲಿ ಟ್ರ್ಯಾಕ್ಟರು ಕಾಣದಂತೆ ಬೆಳೆದ ಜಾಲಿಕಂಟಿ. ಐದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಡ. ಭಾವ ಪಟ್ಟಿ ನೋಡಿದರು. “ಜಾಲಿಕಂಟಿ ನಾ ಕಡೀತೇನಿ. ಚರಂಡಿ ಹೂಳು ನಾವ ನಾಲ್ಕ ಮಂದಿ ತಗದ್ರಾತು. ದೀಪದ್ದು ಪಂಚಾಯ್ತಿಗೆ ಕೇಳಬೇಕು,” ಅಂದರು. ಅವರು ಹೂಂ ಅಂದದ್ದೂ ಅಲ್ಲ, ಊಹೂಂ ಅಂದದ್ದೂ ಅಲ್ಲ. ಆದರೆ ಮಾತು ‘ಬೇಡ’ದಿಂದ ‘ಹೇಗೆ’ಗೆ ಬಂದಿತ್ತು.

ಇದನ್ನೇ ದೊಡ್ಡದಾಗಿ ಯೋಚಿಸಿ. ಶಿಗ್ಗಾವಿಯಿಂದ ಹಿರೇಕೆರೂರಿನ ತನಕ ಇಂಥ ಐದೂವರೆ ಕಿಲೋಮೀಟರಿನ ಇಪ್ಪತ್ತು ತುಂಡುಗಳನ್ನು ಜೋಡಿಸಿದರೆ ಇಡೀ ದಾರಿ ಆಗುತ್ತದೆ. ಪ್ರತಿ ತುಂಡಿನ ಒಂದು ತುದಿಗೆ ಒಂದು ಶಾಲೆ ಇದ್ದೇ ಇರುತ್ತದೆ. ಕೂಡುರಸ್ತೆಗಳಿಗೆ ನಂಬರು, ಹೆದ್ದಾರಿಯ ಕೆಳಸೇತುವೆಗಳಲ್ಲಿ ದೀಪ ಮತ್ತು ಒಣ ನೆಲ, ಕ್ರಾಸಿನ ಅಂಗಡಿಗಳಲ್ಲಿ ಒಂದು ಗಾಳಿ ಪಂಪು, ಕುಡಿಯುವ ನೀರು. ಹಿರೇಕೆರೂರು ತಾಲ್ಲೂಕಿನಲ್ಲಿ ತುಂಗಾ ಮೇಲ್ದಂಡೆ ಕಾಲುವೆಯ ಪಕ್ಕದ ದಾರಿಯಿದೆ. ನೋಡಲು ಆಸೆಯಾಗುತ್ತದೆ, ಆದರೆ ನೀರಿನ ಕಡೆ ತಡೆ ಇಲ್ಲದ ಕಡೆ ಮಕ್ಕಳ ಪರೀಕ್ಷೆಯಲ್ಲಿ ಅದು ಫೇಲೇ. ತಡೆಬೇಲಿ ಬಂದರೆ ಅದಕ್ಕಿಂತ ಸಪಾಟಾದ ಸೈಕಲ್ ದಾರಿ ಬೇರೆ ಸಿಗೋದಿಲ್ಲ. ಪೇಟೆಯಿಂದ ಬರುವವರಿಗೆ ಹಾವೇರಿ, ಸವಣೂರು ರೈಲು ನಿಲ್ದಾಣಗಳಿವೆ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿಗೆ ರೈಲಿಲ್ಲ, ಅಲ್ಲಿಗೆ ಮುಟ್ಟಿಸಲು ಸೈಕಲ್ಲೇ ಚಲೋ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಎಲ್ಲರೂ ಹೊಸದು ಅಂದರು. ಸವಣೂರಿನ ಪಂಕ್ಚರ್ ಕಾಕಾ ಅದನ್ನೇ ಎಷ್ಟೋ ವರ್ಷ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಡೆಸಿದ್ದರು. ನಾಲ್ಕು ಪ್ರವಾಸಿಗರು ಬಂದು ಹೋಗುವಂತಾದರೆ ಅವರ ಅಂಗಡಿ ಮುಂದೆ ಮತ್ತೆ ಸೈಕಲ್ ನಿಲ್ಲಬಹುದು.

ನಮ್ಮ ಓರಗೆಯವರಿಗೆ ಒಂದು ಮಾತು. ಮುಂದಿನ ರಜೆಗೆ ಈ ಕಡೆ ಬನ್ನಿ, ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎರೆಯ ಕಡೆ ಬೇಡ. ತೀರಾ ಸಪೂರ ಟೈರು ಬೇಡ, ಎರಡು ಟ್ಯೂಬು, ಮುಂದೊಂದು ಹಿಂದೊಂದು ದೀಪ ಇರಲಿ. ಮೂರು ದಿನ ಇಟ್ಟುಕೊಳ್ಳಿ, ಒಂದೇ ದಿನದಲ್ಲಿ ಮುಗಿಸಿ ಶೂರತನ ತೋರಿಸೋದು ಬೇಡ. ದಾರಿಯಲ್ಲಿ ಕಂಡ ಕಡಿ, ನೀರು, ಕತ್ತಲೆಗಳ ಪಟ್ಟಿ ಮಾಡಿ ಆಯಾ ಊರಿನ ಪಂಚಾಯ್ತಿಗೆ ಕೊಟ್ಟು ಹೋಗಿ. ಊರ ಹುಡುಗ ಹುಡುಗಿಯರು ಕೇಳಿದರೆ ಅವರಿಗೆ ದೂರ ತಿಳಿಯುತ್ತದೆ, ಹೊರಗಿನವರು ಕೇಳಿದರೆ ಅಧಿಕಾರಿಗಳಿಗೆ ಗುರುತು ಸಿಗುತ್ತದೆ, ಎರಡೂ ಬೇಕು. ಕಾರಿನಲ್ಲಿ ಬರುವವರಿಗೆ ಒಂದೇ ವಿನಂತಿ, ಸರ್ವೀಸ್ ರಸ್ತೆಯಲ್ಲಿ ವೇಗ ಇಳಿಸಿ. ಅಲ್ಲಿ ಯಾರದೋ ಮನೆಯ ಹಾಲು ಹೋಗುತ್ತಿರುತ್ತದೆ.

ಮೊನ್ನೆ ಫೋನ್ ಮಾಡಿದಾಗ ಭಾವ ವರದಿ ಕೊಟ್ಟರು. ಜಾಲಿಕಂಟಿ ಹೋಗಿದೆ, ಚರಂಡಿ ಹೂಳು ತೆಗೆದಾಗಿದೆ, ನಾಯಿಗಳನ್ನು ಕಟ್ಟಲು ಫಾರ್ಮಿನವರು ಒಪ್ಪಿದ್ದಾರೆ. ದೀಪದ ಅರ್ಜಿ ಪಂಚಾಯ್ತಿಯಲ್ಲಿದೆ. ಶನಿವಾರ ಮಾತ್ರ, ಮಳೆ ಇಲ್ಲದಿದ್ದರೆ ಮಾತ್ರ, ನಾಲ್ಕು ಹುಡುಗಿಯರು ಕೂಡಿ ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದಾರೆ. ಉಳಿದ ಮೂವರದು ಹಳೆಯ ಸೈಕಲ್ಲೇ, ಅಣ್ಣಂದಿರದು. ಅಕ್ಕ ಕೆಳಸೇತುವೆಯ ತನಕ ನಡೆದುಕೊಂಡು ಹೋಗಿ, ಅವರು ಆಚೆ ದಾಟಿದ್ದನ್ನು ನೋಡಿ ಮನೆಗೆ ಬರುತ್ತಾಳಂತೆ. ದೀಪ ಬಂದರೆ ವಾರದ ಆರೂ ದಿನ ಅಂತ ಸೊಸೆ ಈಗಲೇ ಲೆಕ್ಕ ಹಾಕಿ ಕೂತಿದ್ದಾಳೆ.